ಮನೆ ನೋಡಲು ಬಂದವರು

ವೆಂಕಟರವಣಪ್ಪ ಎಸೆದ ಚಪ್ಪಲಿ ಆವುಲಪ್ಪನ ಹೆಗಲಿಗೆ ಬಡಿದು ಜಗಲಿಯ ಮೇಲೆ ಬಿತ್ತು. ಭಾನುವಾರ ಬೆಳಗ್ಗೆ. ಜಂಗಮಕೋಟೆಯ ಆ ಬೀದಿಯಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು, ಎಲ್ಲರೂ ನೋಡಿದರು.

"ನನ್ ಮಗಳ ಬಾಯಿಗೆ ಮಣ್ಣು ಹಾಕ್ಬಿಟ್ಯಲ್ಲೋ! ಆ ಆಫೀಸರ್ ಹತ್ರ ಏನೋ ಹೇಳ್ದೆ ನೀನು?"

ಪಕ್ಕದ ಮನೆಯ ಆವುಲಪ್ಪ ಹೆಗಲು ಒರೆಸಿಕೊಂಡ. "ಇದ್ದದ್ದು ಇದ್ದಂಗೆ ಹೇಳ್ದೆ ಕಣೋ. ಇನ್ನೂ ಬಿಡಿಸಿ ಹೇಳ್ಬೇಕಾ, ಇಷ್ಟು ಜನದ ಮುಂದೆ?"

"ಹೇಳೋದೆಲ್ಲ ಹೇಳಾಯ್ತಲ್ಲ, ಮುಚ್ಚು ಬಾಯಿ!"

ಆವುಲಪ್ಪ ಮುಚ್ಚಿದ. ಚಪ್ಪಲಿಯನ್ನು ಎತ್ತಿ ತಂದು ವೆಂಕಟರವಣಪ್ಪನ ಕಾಲ ಹತ್ತಿರ ಇಟ್ಟು ಒಳಗೆ ಹೋದ. ತಪ್ಪು ಮಾಡಿದವನು ತಾನೇ ಹಾಗೆ ತಲೆ ತಗ್ಗಿಸಿ ಹೋಗುವುದು ಎಂದುಕೊಂಡಿತು ಬೀದಿ.

ಸಿಟ್ಟಿಗೆ ಕಾರಣವಿತ್ತು. ವೆಂಕಟರವಣಪ್ಪನ ಚಿಕ್ಕ ಮಗಳು ತನುಜ ಚಿಕ್ಕಬಳ್ಳಾಪುರದ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಳು. ನೂರು ಜನ ಅರ್ಜಿ ಹಾಕಿದರೆ ಮೂವರನ್ನೂ ಒಳಗೆ ಬಿಡದಂಥ ಒಂದು ವಿಶ್ವವಿದ್ಯಾಲಯಕ್ಕೆ ಅವಳು ಶುಲ್ಕ ಮನ್ನಾವನ್ನೂ ಕೋರಿ ಮೊದಲ ಸುತ್ತಿನಲ್ಲೇ ಅರ್ಜಿ ಹಾಕಿದ್ದಳು. ಮೊದಲ ಸುತ್ತಿನವರಿಗೆ ಒಂದು ಕರಾರು: ಫಲಿತಾಂಶ ಬರುವವರೆಗೆ ಬೇರೆಲ್ಲೂ ಅರ್ಜಿ ಹಾಕುವಂತಿಲ್ಲ. ಅವಳು ಹಾಕಲಿಲ್ಲ. ಕಾಯುತ್ತ ಕೂತಿದ್ದಂತೆ ಅಂಥ ಉಳಿದ ಕಡೆಗಳ ಗಡುವೆಲ್ಲ ಮುಗಿಯಿತು.

ಶುಕ್ರವಾರ ಫಲಿತಾಂಶ ಬಂತು. ಸೀಟು ಸಿಕ್ಕಿತ್ತು. ಶುಲ್ಕ ಮನ್ನಾ ಸಿಕ್ಕಿರಲಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೂಲಿಯವನ ಮಗಳಿಗೆ ಸೀಟು ಕೊಟ್ಟು ಪೂರ್ತಿ ಶುಲ್ಕ ಕಟ್ಟು ಎನ್ನುವುದು ಎಲೆ ತುಂಬ ಬಡಿಸಿ ಕೈ ಕಟ್ಟಿಹಾಕಿದ ಹಾಗೆ. ನೆಟ್ಟಗೆ ಇಲ್ಲ ಅಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಹುಡುಗಿ ಊರಿಗೆ ಬಂದವಳು ಒಂದಿಡೀ ದಿನ ಚಾಪೆಯ ಮೇಲೆ ಬೋರಲು ಮಲಗಿ ಅತ್ತಳು. ಆಮೇಲೆ ಎದ್ದು, ಕಾರಣ ತಿಳಿಸಿ ಎಂದು ವಿಶ್ವವಿದ್ಯಾಲಯಕ್ಕೆ ಮೇಲ್ ಬರೆದಳು.

ವೆಂಕಟರವಣಪ್ಪನಿಗೆ ಕಾರಣ ಬೇಕಿರಲಿಲ್ಲ, ಬೈಯಲು ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯನನ್ನು ಬಸ್ ಸ್ಟಾಪಿನ ಟೀ ಅಂಗಡಿಯ ಬಯ್ಯಪ್ಪ ಹುಡುಕಿಕೊಟ್ಟ.

"ಅವತ್ತು ನಿಮ್ಮನೆ ನೋಡೋಕ್ ಬಂದಿದ್ರಲ್ಲ ಆಫೀಸರು, ಅವರ ಹಿಂದೇನೇ ಆವುಲಪ್ಪ ಓಡ್ಬಂದ. ಬಸ್ ಬರೋವರ್ಗೂ ಕಿವೀಲಿ ಏನೋ ಊದ್ತಾನೇ ಇದ್ದ."

ಆ ದಿನವನ್ನು ವೆಂಕಟರವಣಪ್ಪ ಮರೆಯುವಂತೆಯೇ ಇರಲಿಲ್ಲ. ಹಿಂದಿನ ದಿನ ತನುಜ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. "ಅಪ್ಪ, ಯೂನಿವರ್ಸಿಟಿಯಿಂದ ಮನೆ ನೋಡೋಕೆ ಬರ್ತಾರಂತೆ. ನಂಗೆ ಟೆಸ್ಟ್ ಇದೆ, ಬರಕ್ಕಾಗಲ್ಲ. ನೀನೇ ನೋಡ್ಕೊಳಪ್ಪ."

ಮನೆ ನೋಡಲು ಬರುತ್ತಾರೆ ಎಂದರೆ ಅವನಿಗೆ ನೆನಪಾಗುವುದು ಒಂದೇ. ದೊಡ್ಡ ಮಗಳ ಸಂಬಂಧಕ್ಕೆಂದು ಗೌರಿಬಿದನೂರಿನಿಂದ ಹೀಗೇ ಬಂದವರು, ನೀರು ಕುಡಿದು, ಸುತ್ತ ಒಮ್ಮೆ ಕಣ್ಣಾಡಿಸಿ ಎದ್ದವರು ತಿರುಗಿ ಸುದ್ದಿಯನ್ನೇ ಕಳಿಸಿರಲಿಲ್ಲ. ಆ ಅವಮಾನ ಇನ್ನೂ ಹಸಿಯಾಗಿತ್ತು.

ಈ ಸಲ ಯಾವುದಕ್ಕೂ ಕೊರತೆಯಾಗಲಿಲ್ಲ. ರೀಲಿಂಗ್ ಘಟಕದ ಯಜಮಾನ ಖಲೀಮುಲ್ಲಾ ಸಾಹೇಬರು "ನಿನ್ ಮಗಳು ಅಂದ್ರೆ ನಮ್ ಮಗಳಲ್ವೇನಪ್ಪ" ಎಂದು ರಜೆ ಕೊಟ್ಟರು. ಅಷ್ಟೇ ಅಲ್ಲ, ಗೂಡು ಸಾಗಿಸುವ ಟೆಂಪೋದಲ್ಲಿ ತಾವೇ ಬಂದು ನಿಂತರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಟೆಂಪೋ ಬೀದಿಗೆ ಅಡ್ಡ ನಿಂತಾಗ ಆವುಲಪ್ಪ ಜಗಳಕ್ಕೇ ಬಂದಿದ್ದ. "ಬೇಡ ಕಣೋ ಇದೆಲ್ಲ, ಮಗೂಗೆ ಒಳ್ಳೇದಾಗಲ್ಲ" ಎಂದು ಕೂಗಾಡಿದ್ದ. ಹೊಟ್ಟೆಕಿಚ್ಚು ಎಂದರೆ ಇನ್ನು ಹೇಗಿರುತ್ತದೆ?

ಬಂದ ಆಫೀಸರು ಸುನೀಲ್‌ಕುಮಾರ್ ಮೃದು ಮನುಷ್ಯ. ತಣ್ಣಗಿನ ಬಾದಾಮಿ ಹಾಲು ಕುಡಿದು ಚೆನ್ನಾಗಿದೆ ಅಂದರು. ಹೆಂಡತಿ ಮಂಗಮ್ಮ ಎರಡೂ ಕೈಯ ಬಳೆ ಸದ್ದು ಮಾಡುತ್ತ ಲೋಟ ತೆಗೆದುಕೊಂಡು ಹೋದಳು. ದಿನವಿಡೀ ಬಿಸಿನೀರಿನಲ್ಲಿ ಬೆಂದು ಬಿಳಿಚಿದ ತನ್ನ ಬೆರಳುಗಳನ್ನು ವೆಂಕಟರವಣಪ್ಪ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಆಫೀಸರು ಅಲ್ಲಲ್ಲಿ ನಿಂತು ಫೋಟೊ ತೆಗೆದುಕೊಂಡರು.

"ಎಲ್ಲ ನಿಮ್ಮದೇನಾ?"

"ನಮ್ದೇ ಸಾರ್. ತಮ್ಮ ಆಶೀರ್ವಾದ."

ಆಫೀಸರು ನಕ್ಕು, ಬರೆದುಕೊಂಡು ಹೊರಟರು. ಅಷ್ಟು ಚೆನ್ನಾಗಿ ನಡೆದಿತ್ತು. ಅದನ್ನು ಒಬ್ಬನ ಬಾಯಿ ಹಾಳುಮಾಡಿತು.

ಸೋಮವಾರ ಸಂಜೆ ವೆಂಕಟರವಣಪ್ಪ ಕೆಲಸದಿಂದ ಬಂದಾಗ ತನುಜ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಮೊಬೈಲ್ ಇತ್ತು. ವಿಶ್ವವಿದ್ಯಾಲಯದ ಉತ್ತರ ಬಂದಿತ್ತು. ತೀರ್ಮಾನ ಬದಲಾಗುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಇತ್ತು. ಕೆಳಗೆ ಆಫೀಸರ ವರದಿಯಿತ್ತು.

"ಓದಮ್ಮ" ಅಂದ ವೆಂಕಟರವಣಪ್ಪ. ಬಾಗಿಲು ಪೂರ್ತಿ ತೆಗೆದಿಟ್ಟ. "ಆ ಪಾಪಿ ಏನು ಹೇಳಿದ್ನೋ, ಬೀದಿಗೆಲ್ಲ ಕೇಳೋ ಹಂಗೆ ಓದು."

ತನುಜ ಓದಲಿಲ್ಲ. ನಾಲ್ಕು ಗೋಡೆಗಳನ್ನೂ ಒಂದೊಂದಾಗಿ ನೋಡಿದಳು.

"ಅಪ್ಪ, ಅವತ್ತು ನಮ್ಮನೇಲಿ ಫ್ರಿಜ್ ಎಲ್ಲಿತ್ತು?"

ಒಲೆಯ ಮುಂದಿದ್ದ ಮಂಗಮ್ಮ ಬರಿಗೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಹುಡುಗಿ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಓದತೊಡಗಿದಳು.

"'ಮನೆಯಲ್ಲಿ ಸೋಫಾ ಸೆಟ್, ದೊಡ್ಡ ಟಿವಿ, ಎರಡು ಬಾಗಿಲ ಫ್ರಿಜ್, ತಾಯಿಯ ಕೈತುಂಬ ಚಿನ್ನದ ಬಳೆಗಳಿದ್ದವು, ಎಲ್ಲವೂ ತಮ್ಮದೇ ಎಂದು ತಂದೆ ಹೇಳಿದರು. ಅವೆಲ್ಲ ಯಜಮಾನರ ಮನೆಯಿಂದ ಒಂದು ದಿನಕ್ಕೆ ತಂದವು, ಇವರಿಗೆ ಕೂರಲು ಕುರ್ಚಿಯೂ ಇಲ್ಲ, ಹುಡುಗಿಯ ಕೈಬಿಡಬೇಡಿ ಎಂದು ಪಕ್ಕದ ಮನೆಯ ಆವುಲಪ್ಪ ಎಂಬವರು ನಾನು ಬಸ್ ಹತ್ತುವವರೆಗೂ ಕೈಮುಗಿದು ಬೇಡಿಕೊಂಡರು. ಅವರ ಮಾತನ್ನು ನಾನು ನಂಬಲಿಲ್ಲ.'"