ಶನಿವಾರದ ಸಾಕ್ಷಿ

ಒಂಬತ್ತಕ್ಕೆ ಬರಬೇಕಾದ ಒಡೆರಾ ಹನ್ನೆರಡಾದರೂ ಬರಲಿಲ್ಲ. ಕಿಸುಮು ಪಟ್ಟಣದ ಚರ್ಚಿನ ಅಂಗಳದ ಬೆಂಚಿನ ಮೇಲೆ ಏಳು ವರ್ಷದ ಅಕೆಯೊ ಹಳದಿ ಫ್ರಾಕು ತೊಟ್ಟು ಕಾಲಾಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಅಜ್ಜಿ ಯೂನಿಯಾ.

"ಅಪ್ಪ ಮರೆತುಬಿಟ್ರಾ ಅಜ್ಜಿ?"

"ಮರೆವು ಅಲ್ಲ ಕಣೇ ಅವನ ಕಾಯಿಲೆ. ಏಳು, ಮನೇಲಿ ಮೀನು ಹುರಿದಿಟ್ಟಿದೀನಿ."

ಒಡೆರಾ ಮತ್ತು ಅವನ ಹೆಂಡತಿ ಅವೂರ್‌ಗೆ ವಿಚ್ಛೇದನ ಆಗಿ ಎಂಟು ತಿಂಗಳಾಗಿತ್ತು. ಮಗು ಯಾರಿಗೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಅಲ್ಲಿಯವರೆಗೆ ಅಕೆಯೊ ತಾಯಿಯ ಬಳಿ ಇರಬೇಕು, ಪ್ರತಿ ಶನಿವಾರ ಒಂಬತ್ತಕ್ಕೆ ಇದೇ ಅಂಗಳದಲ್ಲಿ ಅವಳನ್ನು ತಂದೆಗೆ ಒಪ್ಪಿಸಬೇಕು ಎಂದಿತ್ತು ನ್ಯಾಯಾಲಯ. ಒಡೆರಾ ದೂರು ಕೊಟ್ಟಿದ್ದ: "ನಾನು ವಾರ ವಾರ ಹೋಗಿ ಕಾಯುತ್ತೇನೆ. ಅವಳು ಮಗುವನ್ನು ಕಳಿಸುವುದೇ ಇಲ್ಲ."

ಆ ದಿನ ಯೂನಿಯಾ ಮೊಮ್ಮಗಳಿಗೆ ಮೀನು ಉಣಿಸಿ ಅವಳನ್ನು ಅವೂರ್‌ಳ ಹೊಲಿಗೆ ಅಂಗಡಿಯಲ್ಲಿ ಬಿಟ್ಟು ಅಂಗಳಕ್ಕೆ ವಾಪಸು ಬಂದಳು. ಮೀನು ಮಾರುವವಳ ಛತ್ರಿಯ ಹಿಂದೆ ಕೂತಳು. ಒಂದು ಗಂಟೆಗೆ ಒಡೆರಾನ ಕಾರು ಬಂತು. ಅವನು ಇಳಿದ, ಖಾಲಿ ಬೆಂಚಿನ ಫೋಟೊ ತೆಗೆದುಕೊಂಡ, ಬೆವರು ಒರೆಸಿಕೊಂಡು ಹೊರಟುಹೋದ.

ಯೂನಿಯಾ ಅವನನ್ನು ಅಷ್ಟು ಹೊತ್ತೂ ನೋಡಿದ್ದಳು. ಅಳು ಬರಬಹುದೆಂದು ಹೆದರಿದ್ದಳು. ಬಂದದ್ದು ಸಿಟ್ಟು. ಪುಸ್ತಕ ತೆಗೆದು ತಾರೀಖು, ಗಂಟೆ ಬರೆದಳು. ಮೀನಿನವಳಿಂದಲೂ ಸಹಿ ಹಾಕಿಸಿದಳು. ಹೀಗೆ ಒಂಬತ್ತು ಶನಿವಾರ.

ಒಡೆರಾ ಮನೆ ಬಿಟ್ಟ ಮೂರನೇ ವಾರಕ್ಕೇ ಯೂನಿಯಾ ಒಂದು ಚೀಲ ಹಿಡಿದು ಬಂದು ಅವೂರ್‌ಳ ಜೊತೆ ನಿಂತವಳು. ಅಡುಗೆ ಅವಳದು, ಮಗುವಿನ ಶಾಲೆ ಅವಳದು, ಕೋರ್ಟಿನ ಓಡಾಟವೂ ಅವಳದು. "ಎಷ್ಟಾದರೂ ಹೆತ್ತ ಕರುಳು" ಎಂದರು ಅಕ್ಕಪಕ್ಕದವರು. ಯೂನಿಯಾ ಒಲೆಯ ಕಡೆ ತಿರುಗಿದಳು.

ಒಂದು ಸಂಜೆ ಅವೂರ್ ಕುಸಿದಳು. "ಸಾಕಮ್ಮ. ಅವನೇ ಇಟ್ಕೊಳ್ಳಲಿ ಮಗೂನ. ನನ್ನ ಕೈಲಾಗಲ್ಲ."

ಯೂನಿಯಾ ಅವಳ ಜಡೆ ಬಿಚ್ಚಿ ತಲೆಗೆ ಎಣ್ಣೆ ಹಚ್ಚತೊಡಗಿದಳು. "ನಾನೂ ಹೀಗೇ ಸಾಕು ಅಂದವಳು, ನಿಂಗೆ ಗೊತ್ತಲ್ಲ. ತೆರಕ್ಕೆ ಹಸು ಕೊಟ್ಟು ನಿನ್ನ ತಂದಿದೀನಿ, ಮಗು ನಂದು ಅಂತ ನನ್ನ ಗಂಡ ಕೂಸನ್ನ ಎತ್ಕೊಂಡು ಹೋದ. ಆವತ್ತು ನಾನು ಬಾಯಿ ಮುಚ್ಕೊಂಡಿದ್ದೆ. ಈ ಸಲ ಮುಚ್ಚಲ್ಲ."

"ಒಡೆರಾ ನಾಶ ಆಗ್ತಾನಮ್ಮ."

"ಆಗಲಿ."

ವಿಚಾರಣೆಯ ದಿನ ಒಡೆರಾನ ವಕೀಲರು ಹುಮ್ಮಸ್ಸಿನಲ್ಲಿದ್ದರು. ಅವನ ಅಫಿಡವಿಟ್ಟನ್ನು ಎತ್ತಿ ಹಿಡಿದು ಓದಿದರು. ತಮ್ಮ ಕಕ್ಷಿದಾರನ ತಾಯಿ ಅವನ ಎಳವೆಯಲ್ಲೇ ತೀರಿಹೋಗಿದ್ದರು, ತಂದೆಯೊಬ್ಬರೇ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದರು, ಈ ಮಗುವೂ ತಂದೆಯ ನೆರಳಲ್ಲೇ ಚೆನ್ನಾಗಿ ಬೆಳೆಯುತ್ತದೆ ಎಂದರು. ಕೆಳಗೆ ಒಡೆರಾನ ಸಹಿ ಇತ್ತು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮನಸ್ಸು ಕರಗಿದಂತಿತ್ತು.

ಆಮೇಲೆ ಅವೂರ್‌ಳ ಸಾಕ್ಷಿಯಾಗಿ ಮಗುವಿನ ಅಜ್ಜಿಯನ್ನು ಕರೆದರು.

ಫೋನು ನೋಡುತ್ತಿದ್ದ ಒಡೆರಾ ತಲೆಯೆತ್ತಿದ. ವಕೀಲರ ತೋಳು ಹಿಡಿದು ಎಳೆದ. ಅವರು ಕೊಡವಿಕೊಂಡು ಮುಂದೆ ಬಂದರು.

ಯೂನಿಯಾ ಪುಸ್ತಕ ಬಿಚ್ಚಿ ಒಂಬತ್ತು ಶನಿವಾರಗಳನ್ನೂ ಓದಿದಳು.

"ಅಜ್ಜೀ," ವಕೀಲರು ನಕ್ಕರು, "ಮಗಳ ಸಂಸಾರ ಮುರೀತು ಅನ್ನೋ ಸಿಟ್ಟಿಗೆ ಇದನ್ನೆಲ್ಲ ಬರೆದ್ರಿ, ಅಲ್ವಾ?"

"ಸಿಟ್ಟು ಇರೋದು ನಿಜ."

"ಮಗಳ ಪರವಾಗಿ ಹೇಳೋ ತಾಯಿ ಮಾತನ್ನ ಕೋರ್ಟು ಯಾಕೆ ನಂಬಬೇಕು?"

"ಸಾರ್, ಬೇಡ, ಕೂತ್ಕೊಳ್ಳಿ!" ಹಿಂದಿನಿಂದ ಒಡೆರಾ ಬಿಕ್ಕಿದಂತೆ ಹೇಳಿದ.

ಮ್ಯಾಜಿಸ್ಟ್ರೇಟರು ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು, ಮುದುಕಿಯನ್ನು ನೋಡಿದರು. "ನೀವು ಅವೂರ್ ಅವರ ತಾಯಿ ತಾನೆ?"

"ಅಲ್ಲ ಮೇಡಂ, ಅವಳು ನನ್ನ ಸೊಸೆ. ಆ ಕಾಗದದಲ್ಲಿ ಒಡೆರಾನ ತಾಯಿ ಸತ್ತುಹೋದಳು ಅಂತ ಬರೆದಿದೆಯಲ್ಲ, ಅವಳು ನಾನೇ."