ಏಳದ ಮೂರು ಪ್ರೊಸೆಸರ್

ನಾಲ್ಕು ಪ್ರೊಸೆಸರ್‌ಗಳಲ್ಲಿ ಎದ್ದದ್ದು ಒಂದೇ. ಉಳಿದ ಮೂರರ ಮುಂದೆ ‘ಉತ್ತರವಿಲ್ಲ’ ಎಂದು ಪರದೆ ತೋರಿಸುತ್ತಿತ್ತು. ಕಣ್ಣು ಕಾಣದ ಹನ್ನೊಂದು ಮಂದಿ ಓದುಗರಿಗೆ ಪುಸ್ತಕ ಓದಿ ಹೇಳುತ್ತಿದ್ದ ಗ್ರಂಥಾಲಯದ ಆ ಯಂತ್ರ, ಹೊಸ ಕರ್ನಲ್ ಹಾಕಿದ ದಿನದಿಂದ ಪ್ರತಿ ವಾಕ್ಯಕ್ಕೂ ತೊದಲುತ್ತಿತ್ತು.

ಕರ್ನಲ್ ಎಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ತಂತ್ರಾಂಶ. ಮೊದಲು ಎದ್ದ ಪ್ರೊಸೆಸರ್‌ನಿಂದ ಉಳಿದವನ್ನು ಎಬ್ಬಿಸುವ ಕೆಲಸವೂ ಅದರದೇ. ಹಳೆಯದಕ್ಕೇ ಮರಳೋಣವೆಂದರೆ ಅದರಲ್ಲಿ ಭದ್ರತೆಯ ತೂತು. ಎಲ್ಲರಿಗೂ ತೆರೆದಿಟ್ಟ ಮುಕ್ತ ತಂತ್ರಾಂಶವಾದ್ದರಿಂದ, ಯಂತ್ರದ ಉಸ್ತುವಾರಿ ಹೊತ್ತ ಗ್ರಂಥಪಾಲಕಿ ಆ ಭಾಗ ನೋಡಿಕೊಳ್ಳುವ ಪ್ರೋಗ್ರಾಮರ್‌ಗೇ ನೇರವಾಗಿ ಬರೆದಳು. ಚುಟುಕು ಉತ್ತರ ಬಂತು: ‘ನನ್ನಲ್ಲಿ ಸರಿಯಾಗಿದೆ. ನಿಮ್ಮ ಯಂತ್ರಕ್ಕೆ ವಯಸ್ಸಾಗಿದೆ.’

ಅದನ್ನು ಓದಿ ಅವಳು ತಲೆ ಮೇಲೆ ಕೈಹೊತ್ತು ಕೂತಿದ್ದಾಗ, ಪತ್ರಿಕೆ ಓದಲು ಬಂದಿದ್ದ ಅವಳ ಮಾವ, ಗಂಡನ ತಂದೆ, ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಮೂವತ್ತನಾಲ್ಕು ವರ್ಷ ನೆಲದಡಿಯ ಟೆಲಿಫೋನ್ ಕೇಬಲ್ ಜೋಡಿಸಿ ನಿವೃತ್ತರಾದವರು ಅವರು.

“ಹಳೇದಕ್ಕೂ ಹೊಸದಕ್ಕೂ ನಡುವೆ ಎಷ್ಟು ಬದಲಾವಣೆ ಆಗಿದೆಯಮ್ಮ?”

“ಎಂಟು ಸಾವಿರ, ಮಾವ.”

“ಅಷ್ಟೇ ತಾನೆ? ನಾವು ನಾಲ್ಕು ಕಿಲೋಮೀಟರ್ ಕೇಬಲ್‌ನಲ್ಲಿ ತುಂಡಾದ ಜಾಗ ಹುಡುಕ್ತಿದ್ವಿ. ಮಧ್ಯಕ್ಕೆ ಹೋಗಿ ನೋಡೋದು. ಅಲ್ಲೀವರೆಗೆ ಸರಿಯಿದ್ರೆ ತೊಂದರೆ ಆಚೆ ಅರ್ಧದಲ್ಲಿ. ಮತ್ತೆ ಅದರ ಮಧ್ಯಕ್ಕೆ. ಎಂಟು ಸಾವಿರ ಅಂದ್ರೆ ಹದಿಮೂರು ಸಲ ನೋಡಿದ್ರೆ ಮುಗೀತು.”

“ನಿಮಗೆ ಕೋಡ್ ಓದೋಕೆ ಬರಲ್ವಲ್ಲ?”

“ಕೇಬಲ್ ಒಳಗೆ ಜನ ಏನು ಮಾತಾಡ್ತಿದ್ರು ಅಂತ ನನಗೆ ಗೊತ್ತಿತ್ತಾ?”

ಸೊಸೆ ನಾಲ್ಕು ಆಜ್ಞೆಗಳನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದುಕೊಟ್ಟಳು. ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳ ರಾಶಿಯ ನಡುವೆ ಮಾವ ಕೆಲಸಕ್ಕೆ ಕೂತರು. ಒಂದೇ ಪ್ರೊಸೆಸರ್ ದುಡಿಯುತ್ತಿದ್ದ ಯಂತ್ರಕ್ಕೆ, ಮಧ್ಯದವರೆಗಿನ ಬದಲಾವಣೆಗಳನ್ನಷ್ಟೇ ಸೇರಿಸಿ ಒಂದೊಂದು ಕರ್ನಲ್ ಕಟ್ಟಲು ಎರಡು ಗಂಟೆ ಹಿಡಿಯುತ್ತಿತ್ತು. ದಿನಕ್ಕೆ ಮೂರೋ ನಾಲ್ಕೋ. ನಾಲ್ಕನೆಯ ದಿನ ಹದಿಮೂರೂ ಸುತ್ತು ಮುಗಿದಾಗ ಕೈಗೆ ಸಿಕ್ಕಿದ್ದು, ಯಂತ್ರ ಓದುವುದೇ ಇಲ್ಲದ ಒಂದು ಟಿಪ್ಪಣಿಯಲ್ಲಿ ಯಾರೋ ಕಾಗುಣಿತ ತಿದ್ದಿದ ಬದಲಾವಣೆ!

“ಬಿಡಿ ಮಾವ, ಎಲ್ಲ ನೀರುಪಾಲಾಯ್ತು” ಎಂದಳು ಸೊಸೆ. ಅಳುವುದೊಂದು ಬಾಕಿ.

ಮಾವ ಕನ್ನಡಕ ಏರಿಸಿ ತಮ್ಮ ಲೆಕ್ಕದ ಪುಸ್ತಕದ ಮೇಲೆ ಬೆರಳಾಡಿಸಿದರು. ಪ್ರತಿ ಸುತ್ತಿನ ಹೊತ್ತನ್ನೂ ಫಲವನ್ನೂ ಪಟ್ಟಿ ಮಾಡಿ ಬರೆದಿಟ್ಟಿದ್ದರು. “ಏಳನೇ ಸಲ ನಾಲ್ಕೂ ಎದ್ವು, ಸರಿ ಅಂತ ಬರ್ಕೊಂಡೆ. ಆದ್ರೆ ಹೊತ್ತು ನೋಡಿದ್ರೆ, ಆಗ ಯಂತ್ರ ಬಿಡುವಿಲ್ಲದೆ ಓಡಿ ಕಾದಿತ್ತು. ಕಾದಾಗ ಒಂದೊಂದು ಸಲ ಏಳ್ತವೆ, ತಣ್ಣಗಿದ್ದಾಗ ಏಳೋದೇ ಇಲ್ಲ. ಎಡವಿದ್ದು ನಾನೇ ಕಣಮ್ಮ. ಮೊದಲಿನಿಂದ ಶುರು ಮಾಡ್ತೀನಿ.”

ಈ ಸಲ ಪ್ರತಿ ಸುತ್ತಿಗೂ ಪ್ಲಗ್ ಕಿತ್ತು ಅರ್ಧ ಗಂಟೆ ಸುಮ್ಮನೆ ಕೂತರು. ಜ್ವರ ನೋಡುವವರಂತೆ ಹಿಂಗೈಯನ್ನು ಯಂತ್ರದ ತಗಡಿಗೆ ಮುಟ್ಟಿಸಿ, ತಣ್ಣಗಾಗಿದೆ ಎನಿಸಿದ ಮೇಲೆಯೇ ಹಚ್ಚಿದರು. ಒಂಬತ್ತನೆಯ ದಿನ ಒಂದೇ ಒಂದು ಬದಲಾವಣೆ ಉಳಿಯಿತು. ಯಾರೋ ಒಂದು ಸಾಲು ಅಳಿಸಿದ್ದರು. ಅಳಿಸಿದವರ ಹೆಸರು ನೋಡಿ ಸೊಸೆ ಹುಬ್ಬೇರಿಸಿದಳು. ಅದೇ ಪ್ರೋಗ್ರಾಮರ್. ಮಾವನ ಪಟ್ಟಿಯನ್ನು ಇದ್ದಹಾಗೆಯೇ ಕಳಿಸಿ, ಕೆಳಗೆ ಬರೆದಳು: ‘ಪೂರ್ತಿ ತಣ್ಣಗಾದ ಮೇಲೆ ಹಚ್ಚಿ ನೋಡಿ.’

ಮರುದಿನ ತಿದ್ದಿದ ಕರ್ನಲ್ ಬಂತು. ನಾಲ್ಕೂ ಎದ್ದವು. ಓದುವ ಕೋಣೆಯಲ್ಲಿ ಯಂತ್ರ ಎಲ್ಲೂ ತಡವರಿಸದೆ ಓದುತ್ತಿದ್ದಾಗಲೇ ಫೋನ್ ರಿಂಗಾಯಿತು.

“ನಾನು ನನ್ನ ಯಂತ್ರ ಆಫ್ ಮಾಡದೇನೇ ಎಷ್ಟೋ ತಿಂಗಳಾಗಿತ್ತು” ಎಂದ ಪ್ರೋಗ್ರಾಮರ್. “ಹಳೇದೊಂದನ್ನ ತಣ್ಣಗೆ ಮಾಡಿ ನೋಡಿದೆ, ಇಲ್ಲೂ ಅದೇ ಕತೆ. ಇಷ್ಟು ಅಚ್ಚುಕಟ್ಟಾದ ಪಟ್ಟಿ ನನ್ನ ಜೊತೆ ಕೆಲಸ ಮಾಡೋರೂ ಕಳಿಸಿಲ್ಲ. ಯಾರು ಮಾಡಿದ್ದು?”

ಸೊಸೆ ಫೋನನ್ನು ಮಾವನ ಕೈಗೆ ಕೊಟ್ಟಳು.

“ಸರ್, ಹಳೇ ಪ್ರೊಸೆಸರ್‌ಗಳನ್ನ ಕರೆದು, ಅದೂ ತಣ್ಣಗಿದ್ದಾಗ, ಅವು ಏಳೋಕೆ ಸ್ವಲ್ಪ ಕಾಯ್ಬೇಕು. ಆ ಕಾಯೋ ಸಾಲನ್ನ ನಾನೇ ತೆಗೆದಿದ್ದೆ. ವಾಪಸ್ ಹಾಕಿದೀನಿ. ಕಂಡುಹಿಡಿದೋರು ಅಂತ ನಿಮ್ಮ ಹೆಸರೂ ಹಾಕಿದೀನಿ.”

“ಸಂತೋಷ. ಎಷ್ಟು ಹೊತ್ತು ಕಾಯ್ಬೇಕಿತ್ತು?”

“ಸೆಕೆಂಡಿನ ನೂರರಲ್ಲಿ ಒಂದು ಭಾಗ.”

“ಅಷ್ಟೇನಾ! ಅದನ್ನ ಯಾಕೆ ತೆಗೆದ್ರಿ ಸ್ವಾಮಿ?”

“ಸಮಯ ಉಳಿಯುತ್ತೆ ಅಂತ.”

“ಓಹೋ. ಉಳಿದಿದ್ದನ್ನ ಏನು ಮಾಡಿದ್ರಿ?”

ಮಾವ ಚುಚ್ಚಲೆಂದು ಕೇಳಿದ್ದಲ್ಲ, ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದ್ದರು.