ಶನಿವಾರ ಕೊಳ್ಳದ ಕತ್ತಿ

ಅಜ್ಜನ ಕ್ಷೌರದ ಕತ್ತಿಗೆ ಕೊಬ್ಬರಿ ಎಣ್ಣೆ ಸವರುವಾಗಲೆಲ್ಲ ಅದರ ವಾಸನೆಗೆ ಅಮೆರಿಕದಲ್ಲಿ ನಾವಿದ್ದ ಗ್ಲೆಂಡೇಲ್‌ನ ಆ ಹಳೇ ಸಾಮಾನಿನ ಅಂಗಡಿ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಧಾರವಾಡದಿಂದ ಬಂದಿದ್ದ ಅಜ್ಜನಿಗೆ ಅಪ್ಪನ ಪ್ಲಾಸ್ಟಿಕ್ ರೇಜರ್ ಕಂಡರೆ ಆಗುತ್ತಿರಲಿಲ್ಲ. ವಾರವಿಡೀ ಆಫೀಸು, ಭಾನುವಾರ ಲ್ಯಾಪ್‌ಟಾಪು ಎನ್ನುತ್ತಿದ್ದ ಅಪ್ಪ ಒಂದು ಶನಿವಾರ ಮಧ್ಯಾಹ್ನ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದ.

ಅಂಗಡಿಯವಳು ಎರಡು ಕತ್ತಿ ಮುಂದಿಟ್ಟಳು. ಒಂದು ಫಳಫಳ ಹೊಳೆಯುವ ಸ್ಟೇನ್‌ಲೆಸ್, ಬೆಣೆಯಂತೆ ದಪ್ಪ. ಇನ್ನೊಂದು ಕಲೆ ಬಿದ್ದ ಕಾರ್ಬನ್ ಉಕ್ಕು, ಎರಡೂ ಬದಿ ಒಳಕ್ಕೆ ತಗ್ಗುವಂತೆ ತೆಳ್ಳಗೆ ಮಸೆದದ್ದು. ಅಜ್ಜ ಒಂದೊಂದನ್ನೂ ಉಗುರಿನಿಂದ ಮೆಲ್ಲಗೆ ಮೀಟಿ ನನಗೆ ಕೇಳಿಸಿದರು. ದಪ್ಪನೆಯದು ಸುಮ್ಮನಿತ್ತು, ತೆಳ್ಳನೆಯದು ಟಿಣ್ ಎಂದಿತು.

“ಸ್ಟೇನ್‌ಲೆಸ್ಸಿಗೆ ತುಕ್ಕು ಹಿಡಿಯೂದು ಕಡಿಮಿ, ಆದ್ರ ಮಸಿಯೂದು ಭಾಳ ತ್ರಾಸ. ಇದು ಎಣ್ಣಿ ಬೇಡ್ತದ, ಆದ್ರ ಗಲ್ಲದ ಮ್ಯಾಲೆ ಹಗೂರ ಹೋಗ್ತದ,” ಎಂದರು ಅಜ್ಜ.

ಅಪ್ಪ ಕಾರ್ಡ್ ತೆಗೆದ. ಅಜ್ಜ ಅವನ ಕೈ ಹಿಡಿದರು. “ಇವತ್ತ ಶನಿವಾರ. ಕಬ್ಬಿಣ ಕೊಳ್ಳಬಾರದು. ನಾಳೆ ಬರೋಣು.”

ಗೊಣಗುತ್ತಲೇ ಅಪ್ಪ ಭಾನುವಾರವೂ ಡ್ರೈವ್ ಮಾಡಿದ. ಕತ್ತಿ ಕೊಂಡು, ಐಸ್‌ಕ್ರೀಮ್ ತಿಂದು, ಪಾರ್ಕಿನಲ್ಲಿ ಕೂತು, ಮೂವರೂ ಸಂಜೆಗೆ ಮನೆಗೆ ಬಂದೆವು. ಲ್ಯಾಪ್‌ಟಾಪಿನ ಚೀಲ ಇಟ್ಟಲ್ಲೇ ಇತ್ತು.

ಊರಿನಲ್ಲಿದ್ದ ಅಜ್ಜಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅಜ್ಜಿ ನಕ್ಕಿದ್ದೇ ನಕ್ಕಿದ್ದು. “ನಿಮ್ಮಜ್ಜ ಯಾವಾಗಿಂದ ವಾರ ನೋಡ್ಲಿಕತ್ತಾರ?”

ಕೇಳೋಣವೆಂದು ತಿರುಗಿದೆ. ಬಚ್ಚಲಮನೆಯಲ್ಲಿ ಅಪ್ಪ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಅಜ್ಜ ಅವನ ಗಲ್ಲಕ್ಕೆ ಸೋಪಿನ ನೊರೆ ಹಚ್ಚುತ್ತಿದ್ದರು.